ಮಗಳು ಆರ್ಕೆಸ್ಟ್ರಾಗೆ ಬರೆಯಬೇಕು ಅಂತಾಳೆ, ಹೊಟ್ಟೆಪಾಡು ಹೇಗೆ?

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಮಗಳು ಬಿ.ಕಾಂ. ಎರಡನೇ ವರ್ಷ. ಪಿಯಾನೋದಲ್ಲಿ ಗ್ರೇಡ್ ಪರೀಕ್ಷೆಗಳ ಕೊನೆಯ ಹಂತ, ಗ್ರೇಡ್ 8, ಮುಗಿಸಿದ್ದಾಳೆ, ಚಿಕ್ಕಂದಿನಿಂದ ಹಿಂದೂಸ್ತಾನಿ ಹಾಡುಗಾರಿಕೆಯೂ ಇದೆ. ಸಿನಿಮಾ ಸಂಗೀತ ಬೇಡವಂತೆ. ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯ ಕ್ವಾರ್ಟೆಟ್ (ನಾಲ್ಕು ವಾದ್ಯಗಾರರ ತಂಡ), ಆರ್ಕೆಸ್ಟ್ರಾಗಳಿಗೆ ಹೊಸ ಕೃತಿ ಬರೆಯುವ ಕಂಪೋಸರ್ ಆಗಬೇಕಂತೆ. ಇದರಲ್ಲಿ ಜೀವನ ನಡೆಯುತ್ತದಾ? ನಮ್ಮ ಯಜಮಾನರು ಸಿ.ಎ. ಮಾಡಿಸೋಣ ಅಂತಾರೆ. ಸಾಲ ಮಾಡಿ ವಿದೇಶಕ್ಕೆ ಕಳಿಸಬೇಕಾ? ಇಷ್ಟು ವರ್ಷದ ಹಿಂದೂಸ್ತಾನಿ ಕಲಿಕೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಒಂದು. ಮಗಳಿಗೆ ಏನು ಬೇಕು ಅಂತ ನೀವು ಸರಿಯಾಗಿ ಕೇಳಿಸಿಕೊಂಡಿದ್ದೀರಿ. ನನ್ನ ಹತ್ತಿರ ಹಾರ್ಮೊನಿ, ಕೌಂಟರ್‌ಪಾಯಿಂಟ್ (ಹಲವು ಸ್ವರ, ಹಲವು ಧಾಟಿಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆ) ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರ ಮನೆಯಲ್ಲಿ ಈ ಕೆಲಸ ಏನು ಅಂತಲೇ ಗೊತ್ತಿರುವುದಿಲ್ಲ.

ಮೊದಲು ದುಡ್ಡಿನ ಮಾತು. ಕೃತಿ ಬರೆದುಕೊಡಿ ಅಂತ ಕೇಳಿದವರು ಕೊಡುವ ಕಮಿಷನ್ ಹಣದಲ್ಲೇ ಮನೆ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಮುಂಬಯಿಯಲ್ಲಂತೂ ಇಲ್ಲ, ಲಂಡನ್ ನ್ಯೂಯಾರ್ಕ್‌ಗಳಲ್ಲೂ ಅದು ತೀರಾ ಕೆಲವರ ಪಾಲಿಗೆ ಮಾತ್ರ. ಅಮೆರಿಕದ ಕಂಪೋಸರ್ ಫಿಲಿಪ್ ಗ್ಲಾಸ್ ಅವರ ಅಪೆರಾ (ಹಾಡಿನಲ್ಲೇ ನಡೆಯುವ ನಾಟಕ) 1976ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಅಪೆರಾ ಹೌಸ್‌ನಲ್ಲಿ ತುಂಬಿದ ಸಭೆಗೆ ನಡೆಯಿತು. ಆಮೇಲೂ ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ಅದಕ್ಕೂ ಮುಂಚೆ ಪ್ಲಂಬರ್ ಕೆಲಸ ಮಾಡಿದ್ದರು. ಚಾರ್ಲ್ಸ್ ಐವ್ಸ್ ವಿಮೆ ವ್ಯಾಪಾರ ಮಾಡಿಕೊಂಡೇ ಬರೆದವರು. ಪಂಜಾಬಿನ ನರೇಶ್ ಸೋಹಲ್ 1962ರಲ್ಲಿ ಲಂಡನ್ನಿಗೆ ಹೋದರು, ಸ್ವರಲಿಪಿ ನಕಲು ಮಾಡುವ ಕೆಲಸ ಹಿಡಿದರು, ಕೂತು ಕೂತು ಬರೆದರು. ಬಿಬಿಸಿ ಪ್ರಾಮ್ಸ್‌ನಂಥ ದೊಡ್ಡ ಉತ್ಸವದಲ್ಲಿ ಅವರ 'ದಿ ವಾಂಡರರ್' ಕೇಳಿಸಿದ್ದು 1982ರಲ್ಲಿ. ಅಂದರೆ ಇಪ್ಪತ್ತು ವರ್ಷ ಆದಮೇಲೆ.

ಇದನ್ನೆಲ್ಲ ಹೆದರಿಸಲಿಕ್ಕೆ ಹೇಳುತ್ತಿಲ್ಲ. ಈ ಕೆಲಸದಲ್ಲಿ ಹೊಟ್ಟೆಪಾಡಿನ ದಾರಿ ಬೇರೆ, ಬರೆಯುವ ದಾರಿ ಬೇರೆ. ಎರಡನ್ನೂ ಜೊತೆಗೆ ನಡೆಸುವುದೇ ಕಂಪೋಸರ್‌ನ ಜೀವನ. ಹೊಟ್ಟೆಪಾಡಿನ ಕೆಲಸ ಇದೆ ಅಂದ ಮಾತ್ರಕ್ಕೆ ಸೋತಳು ಅಂತ ಯಾರೂ ತಿಳಿಯಬಾರದು, ಮುಖ್ಯವಾಗಿ ಅವಳು ತಿಳಿಯಬಾರದು.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ವನರಾಜ್ ಭಾಟಿಯಾ 1927ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿದರು. ಆಮೇಲೆ ಪ್ಯಾರಿಸ್‌ನಲ್ಲಿ ನಾದಿಯಾ ಬೂಲಾಂಜೆ ಹತ್ತಿರ ಕಲಿತರು. ಆ ಕಾಲಕ್ಕೆ ಇಡೀ ಜಗತ್ತಿನ ಕಂಪೋಸರ್‌ಗಳು ಹುಡುಕಿಕೊಂಡು ಹೋಗುತ್ತಿದ್ದ ಗುರು ಅವರು. 1959ರಲ್ಲಿ ಭಾಟಿಯಾ ವಾಪಸ್ ಬಂದಾಗ ಅವರ ವಿದ್ಯೆಗೆ ತಕ್ಕ ಕೆಲಸ ಇಲ್ಲಿ ಇರಲಿಲ್ಲ. ಅವರು ಜಾಹೀರಾತಿನ ಜಿಂಗಲ್ ಮಾಡಿದರು, ಸಾವಿರಗಟ್ಟಲೆ. ಲಿರಿಲ್ ಸೋಪಿನ ಆ ರಾಗ ನಿಮಗೂ ನೆನಪಿರಬೇಕು, ಅಲ್ವಾ? ಸ್ವಲ್ಪ ಕಾಲ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1974ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಅಂಕುರ್' ಬಂತು, ಆಮೇಲೆ 'ಮಂಥನ್', 'ಭೂಮಿಕಾ', ದೂರದರ್ಶನದ 'ಭಾರತ್ ಏಕ್ ಖೋಜ್'. 'ತಮಸ್'ಗೆ ರಾಷ್ಟ್ರಪ್ರಶಸ್ತಿ, 2012ರಲ್ಲಿ ಪದ್ಮಶ್ರೀ. ಇಷ್ಟರ ನಡುವೆ ಅವರು ತಮಗಾಗಿ ಬರೆಯುವುದನ್ನು ಬಿಡಲಿಲ್ಲ. ಕೊನೆಯ ವರ್ಷಗಳ ದೊಡ್ಡ ಕೆಲಸ ಒಂದು ಅಪೆರಾ. ಅದರ ಕಥೆ ನಮ್ಮ ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕದ್ದು. ಕನ್ನಡದ ಯವಕ್ರಿ, ಪರಾವಸುಗಳು ಪಾಶ್ಚಾತ್ಯ ಅಪೆರಾ ಗಾಯಕರ ಕಂಠದಲ್ಲಿ ಹಾಡುವುದನ್ನು ಕಲ್ಪಿಸಿಕೊಳ್ಳಿ! ನನಗೆ ಈ ಸಂಗತಿ ನೆನೆದಾಗಲೆಲ್ಲ ಹೆಮ್ಮೆ ಆಗುತ್ತದೆ.

ಆದರೆ ಕೊನೆಗಾಲದಲ್ಲಿ ಅವರು ಹಣದ ಕಷ್ಟದಲ್ಲಿದ್ದರು. 2019ರ ಹೊತ್ತಿಗೆ ಅದು ಪತ್ರಿಕೆಗಳಲ್ಲೇ ಬಂತು. 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ವ್ಯಕ್ತಿಗೆ ಹೀಗಾಯಿತು ಅನ್ನುವುದು ನಮಗೆಲ್ಲ ನಾಚಿಕೆಯ ವಿಷಯ. ಅವರ ಬದುಕಿನಿಂದ ನಿಮ್ಮ ಮಗಳು ಎರಡು ಸಂಗತಿ ತೆಗೆದುಕೊಳ್ಳಬೇಕು. ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನೂ ಮನಸ್ಸಿಟ್ಟು ಮಾಡಬೇಕು. ಮತ್ತು ಹಕ್ಕಿನ ಕಾಗದ ಪತ್ರ ಮೊದಲ ದಿನದಿಂದ ಸರಿ ಇಟ್ಟುಕೊಳ್ಳಬೇಕು. ಕಾಗದದ ವಿಷಯಕ್ಕೆ ಕೆಳಗೆ ಬರುತ್ತೇನೆ.

ಈಗ ನಿಜವಾದ ವಿಷಯ. ಕಂಪೋಸರ್ ಬೆಳೆಯುವುದು ವಾದ್ಯಗಾರರಿಂದ. ಡಿಗ್ರಿ, ಸ್ಪರ್ಧೆ, ಪ್ರಶಸ್ತಿ ಎಲ್ಲ ಆಮೇಲೆ. ಬರೆದದ್ದನ್ನು ಒಬ್ಬರು ನುಡಿಸಬೇಕು, ನುಡಿಸಿದವರು ಮುಂದಿನ ವರ್ಷ ಮತ್ತೆ ನುಡಿಸೋಣ ಅನ್ನಬೇಕು. ಮೊದಲ ಪ್ರಯೋಗಕ್ಕೆ ಸ್ನೇಹಿತರು ಬರುತ್ತಾರೆ, ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಅಲ್ಲಿಗೆ ಎಷ್ಟೋ ಕೃತಿಗಳ ಆಯುಷ್ಯ ಮುಗಿಯಿತು. ಎರಡನೇ ಸಲ ಬೇರೆ ಯಾರೋ ಕೇಳಿ ನುಡಿಸಿದರು ಅಂದರೆ ಆ ಕೃತಿಗೆ ಕಾಲು ಬಂತು ಅಂತ ಅರ್ಥ. ಹೊಸಬರ ಹತ್ತಿರ ನಾನು ಎಷ್ಟು ಬರೆದೆ ಅಂತ ಕೇಳುವುದಿಲ್ಲ, ಎರಡನೇ ಸಲ ಯಾವುದು ನುಡಿಸಿದರು ಅಂತ ಕೇಳುತ್ತೇನೆ.

ಅದಕ್ಕೇ ಅವಳು ಈಗ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆಯುವ ದೊಡ್ಡ ಕೃತಿ) ಬರೆಯುವುದು ಬೇಡ. ಮುಂಬಯಿಯ ಕಲಾಕೇಂದ್ರ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, 2006ರಲ್ಲಿ ಶುರುವಾದದ್ದು. ಆದರೆ ಎಂಬತ್ತು ಜನರ ಆರ್ಕೆಸ್ಟ್ರಾದ ರಿಹರ್ಸಲ್‌ನಲ್ಲಿ ಹೊಸಬರಿಗೆ ಒಂದು ಗಂಟೆ ಸಿಗುವುದೂ ದೊಡ್ಡ ಮಾತು. ಒಂಟಿ ಕೊಳಲಿಗೆ ನಾಲ್ಕು ನಿಮಿಷದ್ದು ಬರೆಯಲಿ. ಪಿಟೀಲು ಮತ್ತು ಪಿಯಾನೋಕ್ಕೆ ಬರೆಯಲಿ, ಪಿಯಾನೋ ತಾನೇ ನುಡಿಸಬಹುದು. ಕಾಯರ್‌ಗೆ, ಅಂದರೆ ಗುಂಪಾಗಿ ಹಾಡುವ ತಂಡಕ್ಕೆ, ಬರೆಯಲಿ. ಕಾಯರ್ ಈ ಕಡೆಯ ದೊಡ್ಡ ಆಸ್ತಿ. ಮುಂಬಯಿಯಲ್ಲಿ ಪರಂಜ್ಯೋತಿ ಅಕಾಡೆಮಿ ಕೋರಸ್, ಸ್ಟಾಪ್-ಗ್ಯಾಪ್ಸ್‌ನಂಥ ತಂಡಗಳಿವೆ, ಚರ್ಚುಗಳಲ್ಲಿ ಇನ್ನೂ ಎಷ್ಟೋ ಇವೆ. ಗೋವಾದಲ್ಲಂತೂ ಕೇಳಬೇಡಿ. ಪೋರ್ಚುಗೀಸರ ಕಾಲದಿಂದ ಅಲ್ಲಿನ ಊರೂರಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ, ಪಿಟೀಲು ಕಲಿಸಿದ್ದಾರೆ. ನಮ್ಮ ಹಿಂದಿ ಸಿನಿಮಾದ ಹಾಡುಗಳಿಗೆ ವಾದ್ಯಗಳನ್ನು ಹೊಂದಿಸಿದ ದೊಡ್ಡ ಅರೇಂಜರ್‌ಗಳು ಬಂದದ್ದು ಅಲ್ಲಿಂದಲೇ. ಮಜೋರ್ಡಾ ಊರಿನ ಆಂಟನಿ ಗೊನ್ಸಾಲ್ವಿಸ್ ಹಗಲು ಸ್ಟುಡಿಯೋದಲ್ಲಿ ದುಡಿದು, 1958ರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ದೊಡ್ಡ ಆರ್ಕೆಸ್ಟ್ರಾ ಕಟ್ಟಿ ರಾಗ ಆಧಾರಿತ ಕೃತಿಗಳನ್ನು ಕೇಳಿಸಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದ್ದರು. ನಿಮ್ಮ ಮಗಳು ಹಿಡಿದಿರುವ ಹಾದಿ ಈ ಊರಿಗೆ ಹೊಸದಲ್ಲ ಅಂತ ಯಜಮಾನರಿಗೂ ಹೇಳಿ. ಪುಣೆಗೆ ಹೋಗಿಬರುವುದು ಕಷ್ಟ ಅಲ್ಲದಿದ್ದರೆ ಪೂನಾ ಮ್ಯೂಸಿಕ್ ಸೊಸೈಟಿಯ ಕಛೇರಿಗಳಿಗೂ ಹೋಗಲಿ, ಸಣ್ಣ ಹಾಲ್‌ನಲ್ಲಿ ವಾದ್ಯಗಾರರ ಜೊತೆ ಮಾತಾಡುವುದು ಸುಲಭ.

ವಾದ್ಯಗಾರರಿಗೆ ಒಬ್ಬ ಕಂಪೋಸರ್ ಮೇಲೆ ನಂಬಿಕೆ ಹುಟ್ಟುವುದು ಎಲ್ಲಿಂದ ಗೊತ್ತಾ? ಕಾಗದದಿಂದ. ಪಿಟೀಲಿನವರಿಗೆ ಕೊಡುವ ಪಾರ್ಟ್‌ನಲ್ಲಿ (ಅವರ ವಾದ್ಯದ್ದಷ್ಟೇ ಇರುವ ಸ್ವರಲಿಪಿ) ಪುಟ ತಿರುಗಿಸುವ ಜಾಗ ನೋಡಿ. ಎರಡೂ ಕೈ ಕೆಲಸದಲ್ಲಿರುವಾಗ ಪುಟ ಮುಗಿದರೆ ಅವರು ಏನು ಮಾಡಬೇಕು? ಬಲಗಡೆ ಪುಟದ ಕೊನೆಗೆ ಒಂದೆರಡು ಬಾರ್ (ಸ್ವರಲಿಪಿಯಲ್ಲಿ ಬೀಟ್‌ಗಳ ಒಂದೊಂದು ಮನೆ) ವಿರಾಮ ಬರುವ ಹಾಗೆ ಹೊಂದಿಸಬೇಕು. ಆಗದಿದ್ದರೆ ಅರ್ಧ ಪುಟ ಖಾಲಿ ಬಿಟ್ಟಾದರೂ ಮುಂದಿನ ಪುಟಕ್ಕೆ ಹೋಗಬೇಕು. ಮೂವತ್ತು ಬಾರ್ ಸುಮ್ನೆ ಕೂತು ಎಣಿಸುವವರಿಗೆ, ಶುರು ಮಾಡುವ ಮುಂಚೆ ಪಕ್ಕದ ವಾದ್ಯದ್ದು ಎರಡು ಬಾರ್ ಸಣ್ಣ ಅಕ್ಷರದಲ್ಲಿ ತೋರಿಸಬೇಕು, ಕ್ಯೂ ಅಂತಾರೆ ಅದಕ್ಕೆ. ಬಿ ಫ್ಲ್ಯಾಟ್ ಕ್ಲ್ಯಾರಿನೆಟ್‌ಗೆ ಬೇಕಾದ ಸ್ವರಕ್ಕಿಂತ ಒಂದು ಟೋನ್ ಮೇಲೆ ಬರೆಯಬೇಕು. ಬಾರ್ ನಂಬರ್ ಎಲ್ಲ ಪಾರ್ಟ್‌ಗಳಲ್ಲೂ ಒಂದೇ ಇರಬೇಕು. ಇಂಥ ಒಂದು ತಪ್ಪಿಗೆ ರಿಹರ್ಸಲ್‌ನಲ್ಲಿ ಹತ್ತು ನಿಮಿಷ ಹೋಗುತ್ತದೆ, ಇರುವುದೇ ನಲವತ್ತು ನಿಮಿಷ. ಪಾರ್ಟ್ ಚೊಕ್ಕ ಇದ್ದರೆ ವಾದ್ಯಗಾರರು ಏನೂ ಹೇಳುವುದಿಲ್ಲ, ನೇರ ಸಂಗೀತದ ಮಾತಿಗೆ ಬರುತ್ತಾರೆ. ಅದೇ ಗೌರವ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಮ್ಯೂಸ್‌ಸ್ಕೋರ್ ಉಚಿತ, ಕಲಿಯುವವರಿಗೆ ಧಾರಾಳ ಸಾಕು. ಮುಂದೆ ಸಿಬೇಲಿಯಸ್ ಅಥವಾ ಡೋರಿಕೋ ಕೊಳ್ಳಬಹುದು. ಫಿನಾಲೆ ಕೊಳ್ಳಬೇಡಿ, 2024ರಲ್ಲಿ ಕಂಪನಿಯವರೇ ಅದನ್ನು ನಿಲ್ಲಿಸಿದರು. ಆದರೆ ಕಂಪ್ಯೂಟರ್ ನುಡಿಸಿ ತೋರಿಸುವುದನ್ನು ಅವಳು ನಂಬಬಾರದು. ಕೊಳಲಿನ ಕೆಳಗಿನ ಸ್ವರಗಳು ಮೂರು ಟ್ರಂಪೆಟ್ ನಡುವೆ ಕಂಪ್ಯೂಟರಿನಲ್ಲಿ ಸ್ಪಷ್ಟ ಕೇಳಿಸುತ್ತವೆ. ಹಾಲ್‌ನಲ್ಲಿ ಒಂದೂ ಕೇಳಿಸುವುದಿಲ್ಲ. ರಿಹರ್ಸಲ್‌ಗೆ ಹೋಗಿ ಕೂರಲು ಅವಕಾಶ ಸಿಕ್ಕರೆ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪುಸ್ತಕ) ಹಿಡಿದು ಕೂರಲಿ, ಒಂದು ಮಧ್ಯಾಹ್ನಕ್ಕೆ ಒಂದು ಟರ್ಮ್‌ನಷ್ಟು ಪಾಠ ಆಗುತ್ತದೆ.

ಹಿಂದೂಸ್ತಾನಿ ವಿಷಯಕ್ಕೆ ಬರೋಣ. ಹೊಳೆಯಲ್ಲಿ ಹುಣಸೆಹಣ್ಣು ಅಂದಿರಲ್ಲ, ಖಂಡಿತ ಇಲ್ಲ. ವಿದೇಶದಲ್ಲಿ ಓದಿದ ಎಷ್ಟೋ ಜನರಿಗೆ ಇಲ್ಲದ ಕಿವಿ ಅವಳಿಗೆ ಇದೆ. ಆದರೆ ಅದನ್ನು ಬಳಸುವುದು ಸುಲಭ ಅಲ್ಲ. ದರ್ಬಾರಿ ರಾಗದ ಕೋಮಲ ಗಾಂಧಾರ ತಗೊಳ್ಳಿ. ಸಾ ಅಂದರೆ ಸಿ ಅಂತ ಇಟ್ಟುಕೊಂಡರೆ ಅದು ಕಾಗದದ ಮೇಲೆ ಇ ಫ್ಲ್ಯಾಟ್. ಅಷ್ಟು ಬರೆದು ಸುಮ್ಮನಾದರೆ ಪಾಶ್ಚಾತ್ಯ ಪದ್ಧತಿಯ ಪಿಟೀಲಿನವರು ಅಭ್ಯಾಸಬಲದಿಂದ ಅದಕ್ಕೆ ವೈಬ್ರಾಟೋ ಹಾಕುತ್ತಾರೆ, ಬಿರುಸಾದ ಸಣ್ಣ ಅಲುಗಾಟ. ಕೇಳಿದರೆ ದರ್ಬಾರಿ ಎಲ್ಲೂ ಇರುವುದಿಲ್ಲ. ಅಲ್ಲಿ ಬೇಕಾದದ್ದು ಆಂದೋಲನ, ನಿಧಾನವಾಗಿ ರಿಷಭದ ಕಡೆಗೆ ಇಳಿದು ಮತ್ತೆ ಏರುವ ತೂಗಾಟ. ಹಾಗಾಗಿ ಮೊದಲು 'ವೈಬ್ರಾಟೋ ಬೇಡ' ಅಂತ ಬರೆಯಬೇಕು. ಆ ತೂಗಾಟ ಎಷ್ಟು ಬೀಟ್‌ನಲ್ಲಿ ಇಳಿಯಬೇಕು, ಎಷ್ಟರಲ್ಲಿ ಏರಬೇಕು ಅಂತ ಮೊದಲ ಸಲ ಬಿಡಿಸಿ ಬರೆಯಬೇಕು. ಮುಂದಿನ ಸಲ ಒಂದು ಅಲೆಯ ಗೆರೆ ಸಾಕು. ಕೊನೆಗೆ ಪಕ್ಕದಲ್ಲಿ ಕೂತು ಹಾಡಿ ತೋರಿಸಬೇಕು, ಅದು ಅವಳಿಗೆ ಬರುತ್ತದೆ, ಅದೇ ಅವಳ ಬಲ. ಪಿಯಾನೋದಲ್ಲಿ ಈ ಸ್ವರ ಹುಟ್ಟುವುದೇ ಇಲ್ಲ, ಅಲ್ಲಿ ದರ್ಬಾರಿಯ ಆಸೆ ಬಿಟ್ಟು ಬೇರೆ ಉಪಾಯ ಹುಡುಕಬೇಕು. ರಾಗದ ಆರೋಹಣ ತೆಗೆದು ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜೋಡಿಸಿ ಫ್ಯೂಷನ್ ಅನ್ನುವುದು ಬಹಳ ಆಗಿದೆ. ಅದು ಬೇಡ ಅಂತ ಅವಳಿಗೆ ನನ್ನ ಪರವಾಗಿ ಹೇಳಿ.

ತಾಳದ್ದೂ ಹೀಗೇ. ಝಾಕಿರ್ ಹುಸೇನ್ ತಬಲಾ ಮತ್ತು ಆರ್ಕೆಸ್ಟ್ರಾಗೆ ಬರೆದ 'ಪೇಶ್ಕಾರ್' ಕಾನ್ಸರ್ಟೋವನ್ನು ಇದೇ ಮುಂಬಯಿ ಆರ್ಕೆಸ್ಟ್ರಾ 2015ರಲ್ಲಿ ಮೊದಲು ನುಡಿಸಿತು. 2019ರಲ್ಲಿ ಬ್ರಿಟನ್ ಪ್ರವಾಸಕ್ಕೂ ತೆಗೆದುಕೊಂಡು ಹೋಯಿತು. ನಾನು ಮೇಲೆ ಹೇಳಿದ ಎರಡನೇ ಪ್ರಯೋಗದ ಮಾತು ಅದೇ. ಇಂಥ ಕೃತಿಯಲ್ಲಿ ಆರ್ಕೆಸ್ಟ್ರಾದವರು ಬಾರ್ ಎಣಿಸುತ್ತಾರೆ, ತಬಲಾದವರು ಆವರ್ತನದಲ್ಲಿ ಯೋಚಿಸುತ್ತಾರೆ. ತೀನ್‌ತಾಳದ ಹದಿನಾರು ಮಾತ್ರೆಯನ್ನು ನಾಲ್ಕು ಬೀಟಿನ ನಾಲ್ಕು ಬಾರ್ ಮಾಡಿದರೆ ಲೆಕ್ಕ ಕೂಡುತ್ತದೆ. ಆದರೆ ತಬಲಾ ಸ್ವಂತ ಮನೋಧರ್ಮದಿಂದ ಬೆಳೆಸಿ ತಿಹಾಯಿ (ಮೂರು ಸಲ ನುಡಿಸುವ ಒಂದೇ ತುಣುಕು) ಹಾಕಿ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದಾಗ ಆರ್ಕೆಸ್ಟ್ರಾ ಎಲ್ಲಿ ಸೇರಿಕೊಳ್ಳಬೇಕು, ಕಂಡಕ್ಟರ್‌ಗೆ ಅದು ಹೇಗೆ ಗೊತ್ತಾಗಬೇಕು? ಇದನ್ನು ಎರಡೂ ಕಡೆಯ ಭಾಷೆ ಬಲ್ಲವರೇ ಬಿಡಿಸಬೇಕು. ಹುಬ್ಬಳ್ಳಿ ಧಾರವಾಡದ ಮನೆಯಲ್ಲಿ ಹುಟ್ಟಿ ಪಿಯಾನೋ ಗ್ರೇಡ್ 8 ಮಾಡಿದ ಹುಡುಗಿ ಅಂಥವಳು. ದಯವಿಟ್ಟು ಅವಳ ಹಾಡಿನ ಪಾಠ ನಿಲ್ಲಿಸಬೇಡಿ.

ಓದು ಮತ್ತು ಸಾಲ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ಬಿ.ಕಾಂ. ಬಿಡಿಸಿ, ಮನೆ ಅಡವಿಟ್ಟು ವಿದೇಶಿ ಬ್ಯಾಚುಲರ್ಸ್‌ಗೆ ಕಳಿಸುವುದು ಬೇಡ. ಈ ಕೆಲಸದ ಸಂಪಾದನೆಯಿಂದ ಅಷ್ಟು ದೊಡ್ಡ ಸಾಲ ತೀರುವುದಿಲ್ಲ. ಸಾಲ ತೀರಿಸಲು ಬೇರೆ ಕೆಲಸಕ್ಕೆ ಸೇರಿ ಬರೆಯುವುದನ್ನೇ ಬಿಟ್ಟವರನ್ನು ನೋಡಿದ್ದೇನೆ, ಆ ಸಂಕಟ ಬೇಡ. ಡಿಗ್ರಿ ಮುಗಿಸಲಿ, ಜೊತೆಗೆ ಇಲ್ಲಿ ಒಬ್ಬ ಒಳ್ಳೆಯ ಗುರುವಿನ ಹತ್ತಿರ ಹಾರ್ಮೊನಿ, ಕೌಂಟರ್‌ಪಾಯಿಂಟ್, ಆರ್ಕೆಸ್ಟ್ರೇಷನ್ ಕಲಿಯಲಿ. ಪಿಯಾನೋ ಗ್ರೇಡ್ 8 ಇದೆ ಅಂದರೆ ಥಿಯರಿಯಲ್ಲಿ ಗ್ರೇಡ್ 5 ಆಗಿರಬಹುದು. ಅಲ್ಲಿಗೇ ನಿಂತಿದ್ದರೆ ಥಿಯರಿಯ ಗ್ರೇಡ್ 8ರ ತನಕ ಹೋಗಲಿ. ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ, ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ಇದೆ.

ಮಾಸ್ಟರ್ಸ್‌ಗೆ ವಿದೇಶ ಒಳ್ಳೆಯದೇ, ಯಾಕೆಂದರೆ ಅಲ್ಲಿ ವಾರವಾರವೂ ನುಡಿಸುವ ಸಹಪಾಠಿಗಳು ಸಿಗುತ್ತಾರೆ. ಫೀಸು ಕಡಿಮೆ ಇರುವ ಕಡೆ ಮೊದಲು ನೋಡಿ. ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ. ಆದರೆ ವೀಸಾಗೆ ಖರ್ಚಿನ ಹಣ ಮುಂಚೆಯೇ ಬ್ಯಾಂಕಿನಲ್ಲಿ ತೋರಿಸಬೇಕು, 2024ರ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ. ಜರ್ಮನ್ ಭಾಷೆಯೂ ಬೇಕು. ಅಮೆರಿಕದ ಯೇಲ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಸೇರಿದವರಿಗೆಲ್ಲ ಟ್ಯೂಷನ್ ಮಾಫಿ, ಸೀಟು ಮಾತ್ರ ಬೆರಳೆಣಿಕೆಯಷ್ಟು. ಹಿಂದೂಸ್ತಾನಿ ಮತ್ತು ಪಾಶ್ಚಾತ್ಯ ಎರಡನ್ನೂ ಬೆಸೆದು ಬರೆಯುವ ರೀನಾ ಎಸ್ಮೇಲ್ ಓದಿದ್ದು ಜೂಲಿಯಾರ್ಡ್‌ನಲ್ಲಿ, ಆಮೇಲೆ ಯೇಲ್‌ನಲ್ಲಿ. ಅವರ ಕಾಯರ್ ಕೃತಿಗಳನ್ನು ನಿಮ್ಮ ಮಗಳು ಸ್ಕೋರ್ ಇಟ್ಟುಕೊಂಡು ಕೇಳಲಿ. ಸ್ಪರ್ಧೆಗಳೂ ಇವೆ. ಟೋಕಿಯೋದ ಟೋರು ಟಾಕೆಮಿಟ್ಸು ಸ್ಪರ್ಧೆ ಆರ್ಕೆಸ್ಟ್ರಾ ಕೃತಿಗೆ, 35 ವರ್ಷದ ಒಳಗಿನವರಿಗೆ, ವರ್ಷಕ್ಕೆ ಒಬ್ಬರೇ ತೀರ್ಪುಗಾರರು. ಅದು ಅವಳಿಗೆ ಐದಾರು ವರ್ಷದ ನಂತರದ ಮಾತು. ಎಂಟ್ರಿ ಫೀಸ್ ಕೀಳಲೆಂದೇ ನಡೆಯುವ ಆನ್‌ಲೈನ್ ಸ್ಪರ್ಧೆಗಳಿಂದ ದೂರ ಇರಲಿ.

ಕಾಗದ ಪತ್ರದ ಬಗ್ಗೆ. ಬರೆದ ಸಂಗೀತದ ಹಕ್ಕು ಭಾರತದಲ್ಲಿ ಬರೆದವರ ಜೀವನಪರ್ಯಂತ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. ಅದನ್ನು ಬೇರೆಯವರಿಗೆ ಕೊಡುವುದಾದರೆ ಬರವಣಿಗೆಯಲ್ಲಿ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷಕ್ಕೆ ಅಂತ ತಿಳಿಯುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಬಂದ ಮೇಲೆ ಸಿನಿಮಾಗೆ, ರೆಕಾರ್ಡಿಂಗ್‌ಗೆ ಬರೆದ ಸಂಗೀತದ ರಾಯಲ್ಟಿ ಪಾಲನ್ನು ಕಂಪೋಸರ್ ಬಿಟ್ಟುಕೊಡುವ ಹಾಗೇ ಇಲ್ಲ. ಆದರೂ ಹೊಸಬರ ಮುಂದೆ 'ಎಲ್ಲ ಹಕ್ಕು, ಎಂದೆಂದಿಗೂ, ಎಲ್ಲೆಡೆಗೂ' ಅನ್ನುವ ಕಾಗದ ಇಡುವವರು ಈ ಊರಿನಲ್ಲಿ ಇವತ್ತಿಗೂ ಇದ್ದಾರೆ. ನನ್ನ ಒಬ್ಬ ಶಿಷ್ಯನಿಗೆ ಒಂದು ಜಾಹೀರಾತು ಕಂಪನಿ ಹಾಗೇ ಮಾಡಿತು. ಹುಡುಗ ಓದದೆ ಸಹಿ ಹಾಕಿದ. ಜಿಂಗಲ್, ಕಿರುಚಿತ್ರ ಏನೇ ಒಪ್ಪಿಕೊಂಡರೂ ಮೊದಲು ಓದಿಸಿಕೊಳ್ಳಲಿ. ಮುಂಬಯಿಯಲ್ಲೇ ಇರುವ ಐಪಿಆರ್‌ಎಸ್ ಸಂಸ್ಥೆಗೆ ಸದಸ್ಯೆ ಆಗಲಿ, ಸಂಗೀತ ಎಲ್ಲೆಲ್ಲಿ ಬಳಕೆಯಾಯಿತೋ ಅಲ್ಲಿಂದ ರಾಯಲ್ಟಿ ವಸೂಲಿ ಮಾಡುವುದು ಅವರ ಕೆಲಸ. ಯಾರಾದರೂ ಕಮಿಷನ್ ಕೊಟ್ಟರೆ ಕಾಗದದಲ್ಲಿ ನಾಲ್ಕು ವಿಷಯ ಇರಲೇಬೇಕು: ಎಷ್ಟು ನಿಮಿಷದ ಕೃತಿ, ದುಡ್ಡು ಯಾವಾಗ ಯಾವಾಗ, ಮೊದಲ ಪ್ರಯೋಗದ ಹಕ್ಕು ಎಷ್ಟು ದಿನ ಅವರ ಹತ್ತಿರ, ಪಾರ್ಟ್‌ಗಳ ಖರ್ಚು ಯಾರದು.

ಕೊನೆಗೆ ಯಜಮಾನರ ಸಿ.ಎ. ಮಾತು. ಅವರ ಆತಂಕ ನನಗೆ ಅರ್ಥ ಆಗುತ್ತದೆ. ಆದರೆ ಸಿ.ಎ. ಅಂದರೆ ಎರಡು ವರ್ಷದ ಆರ್ಟಿಕಲ್‌ಶಿಪ್, ಅದರ ಮೇಲೆ ಪರೀಕ್ಷೆಗಳು, ಡೊಂಬಿವಲಿಯಿಂದ ದಿನಾ ಲೋಕಲ್. ಬರೆಯುವವರಿಗೆ ಬೇಕಾದ್ದು ಬೆಳಿಗ್ಗೆಯ ಎರಡು ಮೂರು ಗಂಟೆ, ತಲೆ ತಾಜಾ ಇರುವ ಹೊತ್ತು. ಅದೇ ಹೋಗಿಬಿಡುತ್ತದೆ. ಪಿಯಾನೋ ಮತ್ತು ಥಿಯರಿ ಪಾಠ ಹೇಳುವ ಕೆಲಸ ಇದಕ್ಕೆ ಹೊಂದುತ್ತದೆ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ, ಸಂಜೆ. ಬೆಳಿಗ್ಗೆ ಇವಳದೇ. ಠಾಣೆ, ಮುಲುಂಡ್, ಡೊಂಬಿವಲಿ ಕಡೆ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ, ಚೆನ್ನಾಗಿ ಕಲಿಸುವವರು ಸಿಗುತ್ತಿಲ್ಲ. ಇದರ ಜೊತೆಗೆ ಬೇರೆಯವರ ಸಂಗೀತವನ್ನು ಪಾರ್ಟ್ ಮಾಡಿಕೊಡುವುದು, ಕಾಯರ್‌ಗೆ ಅರೇಂಜ್ ಮಾಡಿಕೊಡುವುದು, ಒಂದೊಂದು ಜಾಹೀರಾತು. ಬಿ.ಕಾಂ. ಓದು ವ್ಯರ್ಥ ಅಲ್ಲ, ಬಿಲ್ಲು, ಟಿಡಿಎಸ್, ಕರಾರು ಎಲ್ಲ ಅವಳೇ ನೋಡಿಕೊಳ್ಳಬೇಕಾದ ಕೆಲಸಗಳು.

ಈ ವರ್ಷ ನೀವು ಇಬ್ಬರೂ ಸೇರಿ ಒಂದು ಕೆಲಸ ಮಾಡಿ. ಸಾಲದ ಯೋಚನೆ ಬದಿಗಿಟ್ಟು, ನಾಲ್ಕು ಜನ ವಾದ್ಯಗಾರರಿಗೆ ಒಂದು ಮಧ್ಯಾಹ್ನದ ಫೀಸ್ ಕೊಡಿ, ಅವಳ ಒಂದು ಆರು ನಿಮಿಷದ ಕ್ವಾರ್ಟೆಟ್ ನುಡಿಸಿ ರೆಕಾರ್ಡ್ ಮಾಡಿಸಿ. ಯಾವ ದೇಶದ ಕಾಲೇಜಿಗೆ ಅರ್ಜಿ ಹಾಕಿದರೂ ಎರಡು ಮೂರು ಸ್ಕೋರ್ ಮತ್ತು ರೆಕಾರ್ಡಿಂಗ್ ಕೇಳುತ್ತಾರೆ, ಮನುಷ್ಯರು ನುಡಿಸಿದ್ದಕ್ಕೆ ಬೆಲೆ ಜಾಸ್ತಿ. ಫೀಸ್ ಕೊಟ್ಟೇ ನುಡಿಸಿ, ಸ್ನೇಹಕ್ಕೆ ಅಂತ ಕೇಳಬೇಡಿ, ಅವರದೂ ಹೊಟ್ಟೆಪಾಡೇ. ಯಜಮಾನರೂ ಬಂದು ಕೂರಲಿ. ಸ್ಕೋರ್ ತಯಾರಾದ ಮೇಲೆ, ವಾದ್ಯಗಾರರಿಗೆ ಕೊಡುವ ಮುಂಚೆ, ನನಗೊಮ್ಮೆ ಕಳಿಸಲಿ. ಪುಟ ತಿರುಗಿಸುವ ಜಾಗಗಳನ್ನು ನೋಡಿಕೊಡುತ್ತೇನೆ.